ಚೇಳು ಕಡಿದರೆ ಉರಿ ಬಿಡಿ, ಬೆವರು ನೋಡಿ

ಮಧುಗಿರಿ, ಕೊರಟಗೆರೆ ಕಡೆ ಯಾರಿಗಾದರೂ ಚೇಳು ಕಡಿಯಿತೆಂದರೆ ಸುತ್ತ ಸೇರಿದವರು ಮೊದಲು ಕೇಳುವುದು ‘ಉರಿ ಎಲ್ಲೀಗಂಟ ಏರೈತೆ?’ ಎಂದು. ಮೊಣಕಾಲಿಗೆ ಬಂತು, ತೊಡೆಸಂದಿಗೆ ಬಂತು ಎಂದು ಕಡಿಸಿಕೊಂಡವರು ಹಲ್ಲು ಕಚ್ಚಿಕೊಂಡು ಹೇಳುತ್ತಾರೆ. ಮಂತ್ರ ಹಾಕುವವರೂ ಅದನ್ನೇ ಕೇಳಿ, ಅಲ್ಲಿಂದ ಕೆಳಕ್ಕೆ ಇಳಿಸುತ್ತಾ ಬರುತ್ತಾರೆ. ಉರಿ ಇಳಿದರೆ ವಿಷವೂ ಇಳಿಯಿತೆಂದು ಲೆಕ್ಕ. ಬಹುಪಾಲು ಸಲ ಈ ಲೆಕ್ಕ ತಪ್ಪುವುದಿಲ್ಲ. ತಪ್ಪಿದಾಗ ಮಾತ್ರ ಜೀವಕ್ಕೆ ಬರುತ್ತದೆ, ಅದೂ ಹೆಚ್ಚಾಗಿ ಮಕ್ಕಳ ಜೀವಕ್ಕೆ.

ಯಾಕೆಂದರೆ ನಮ್ಮ ಸೀಮೆಯ ಕೆಂಪು ಚೇಳಿನ ವಿಷದಲ್ಲಿ ನೋವಿಗೂ ಅಪಾಯಕ್ಕೂ ಸಂಬಂಧ ಉಲ್ಟಾ. ಉರಿ ಉರಿ ಎಂದು ಕೂಗಾಡುತ್ತಿರುವವರು ಸಾಮಾನ್ಯವಾಗಿ ಮರುದಿನ ಹೊಲಕ್ಕೆ ಹೋಗುತ್ತಾರೆ. ನೋವು ಅಷ್ಟಾಗಿ ಇಲ್ಲ ಎನ್ನುತ್ತಾ ಮೈಯೆಲ್ಲ ಬೆವತು, ವಾಂತಿ ಮಾಡಿ, ಕೈಕಾಲು ತಣ್ಣಗಾಗಿ ಸುಮ್ಮನೆ ಮಲಗಿದ ಮಗುವನ್ನು ಕಂಡರೆ ಗಾಡಿ ಹುಡುಕಬೇಕು.

ಜನ ಚೇಳನ್ನು ಕರಿಚೇಳು, ಕೆಂಪು ಚೇಳು ಎಂದು ಎರಡಾಗಿ ವಿಂಗಡಿಸುತ್ತಾರೆ. ಪಾವಗಡದ ತೆಲುಗು ಮಾತಿನ ಮನೆಗಳಲ್ಲಿ ದೊಡ್ಡ ಕರಿಚೇಳನ್ನು ಮಂಡ್ರಗಬ್ಬ ಎನ್ನುತ್ತಾರೆ. ನೋಡಿದರೆ ಎದೆ ಝಲ್ಲೆನ್ನುವುದು ಇದನ್ನೇ: ಅಂಗೈಯಷ್ಟು ಉದ್ದ, ಏಡಿಗಿರುವಂಥ ತೋರ ಇಕ್ಕಳ. ಆದರೆ ಇದು ಬೇಟೆಯನ್ನು ಇಕ್ಕಳದ ಬಲದಿಂದಲೇ ಅದುಮಿ ಕೊಲ್ಲಬಲ್ಲದು, ವಿಷವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಕಡಿದರೆ ನೋವು, ಬಾವು. ದೊಡ್ಡವರ ಪ್ರಾಣಕ್ಕೆ ಬರುವುದು ಬಹಳ ಅಪರೂಪ. ಕೆಂಪು ಚೇಳು ಇದರ ಅರ್ಧದಷ್ಟಿರುತ್ತದೆ. ಇಕ್ಕಳ ಸಣಕಲು, ಬಾಲ ದಪ್ಪ. ಬಣ್ಣ ಮಾತ್ರ ನಂಬುವಂಥದ್ದಲ್ಲ. ಹಳದಿ ಮಿಶ್ರಿತ ಕೆಂಪಿನಿಂದ ಗಾಢ ಕಂದಿನವರೆಗೂ ಇರುತ್ತದೆ. ವಿಜ್ಞಾನಿಗಳು ಇದನ್ನು ಈಗ ಹಾಟೆಂಟೋಟಾ ಟಾಮ್ಯುಲಸ್ ಎನ್ನುತ್ತಾರೆ. ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ಬ್ಯೂತಸ್ ಟಾಮ್ಯುಲಸ್, ಮೆಸೋಬ್ಯೂತಸ್ ಟಾಮ್ಯುಲಸ್ ಎಂದಿರುವುದೂ ಇದೇ. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಜಾತಿಯ ಚೇಳುಗಳಿದ್ದರೂ ಮನುಷ್ಯನನ್ನು ಕೊಲ್ಲಬಲ್ಲವು 50ರ ಆಸುಪಾಸು. ಅವುಗಳಲ್ಲಿ ಮುಂಚೂಣಿಯ ಒಂದು ನಮ್ಮ ಹಿತ್ತಿಲಲ್ಲಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಮಳೆ ಕಡಿಮೆ, ಬಿಸಿಲು ಜಾಸ್ತಿ, ಎಲ್ಲಿ ನೋಡಿದರೂ ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಿಂದ ಪಾವಗಡದ ಕೋಟೆ ಬೆಟ್ಟದವರೆಗೆ ಕಲ್ಲಿನ ಸಂದು ಸಿಗದ ಜಾಗವೇ ಇಲ್ಲ. ಬಲಸಮುದ್ರದಂಥ ಹಳ್ಳಿಗಳಲ್ಲಿ ಹೊಲದ ಬದುವಿಗೆ ಆರಿಸಿ ಹಾಕಿದ ಕಲ್ಲುಗುಡ್ಡೆ, ಚಪ್ಪಡಿ ಹೊದಿಸಿದ ಮಾಳಿಗೆ, ಬಿರುಕು ಬಿಟ್ಟ ಮಣ್ಣುಗೋಡೆ, ಸೌದೆ, ಬೆರಣಿ ಎಲ್ಲವೂ ಅದರ ಮನೆಯೇ. ಚೇಳು ನಿಶಾಚರಿ. ಮುಂಗಾರಿನ ಮೊದಲ ಮಳೆ ಬಿದ್ದು ಬಿಲಕ್ಕೆ ನೀರು ನುಗ್ಗಿದಾಗ, ಸೆಕೆಯ ರಾತ್ರಿಗಳಲ್ಲಿ ಹೊರಬರುತ್ತದೆ. ಕಡ್ಲೆಕಾಯಿ ಗಿಡ ಕಿತ್ತು ಗುಡ್ಡೆ ಹಾಕಿ, ಆ ಗುಡ್ಡೆಗೆ ಕೈಹಾಕಿ ಕಾಯಿ ಬಿಡಿಸುವ ಕಾಲ ಇನ್ನೊಂದು. ಕಡಿತ ಬೆರಳಿಗೋ ಪಾದಕ್ಕೋ ಆಗುವುದೇ ಹೆಚ್ಚು.

ಕೊಂಡಿಯೊಳಗೆ ಏನಿದೆ

ಬಾಲದ ತುದಿಯ ಉಬ್ಬಿನೊಳಗೆ ಎರಡು ವಿಷಗ್ರಂಥಿಗಳಿವೆ. ಒಂದು ಕಡಿತದಲ್ಲಿ ಒಳಹೋಗುವ ವಿಷ ಹೆಚ್ಚೆಂದರೆ ಒಂದೆರಡು ಮಿಲಿಗ್ರಾಂ. ಅದರ ಬಹುಪಾಲು ನೀರು ಮತ್ತು ಲವಣ. ಮಿಕ್ಕಿದ್ದರಲ್ಲಿ ಮೂರು ಬಗೆಯ ಸಾಮಾನಿದೆ. ಸೆರೊಟೋನಿನ್, ಹಿಸ್ಟಮಿನ್‌ನಂಥ ಸಣ್ಣ ಅಣುಗಳು ನೋವು, ಕೆಂಪು, ತುರಿಕೆ ತರುತ್ತವೆ. ಹಯಾಲುರೊನಿಡೇಸ್ ಎಂಬ ಕಿಣ್ವ ಜೀವಕೋಶಗಳ ನಡುವಿನ ಅಂಟನ್ನು ಕರಗಿಸಿ, ವಿಷ ಮುಂದಕ್ಕೆ ಹರಡಲು ದಾರಿ ಮಾಡಿಕೊಡುತ್ತದೆ. ನಿಜವಾದ ಕೆಲಸ ಮೂರನೆಯ ಬಗೆಯದು: ಪೆಪ್ಟೈಡ್‌ಗಳೆಂಬ ಪುಟ್ಟ ಪ್ರೋಟೀನ್ ತುಣುಕುಗಳು. ಒಂದೊಂದರಲ್ಲಿ ಹೆಚ್ಚೆಂದರೆ ಎಪ್ಪತ್ತು ಚಿಲ್ಲರೆ ಅಮೈನೋ ಆಮ್ಲ, ಮಧ್ಯೆ ಮೂರೋ ನಾಲ್ಕೋ ಗಂಧಕದ ಬೆಸುಗೆ. ಈ ಬೆಸುಗೆಯಿಂದಾಗಿ ಅವು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಕೆಡುವುದಿಲ್ಲ.

ನಮ್ಮ ನರಗಳಲ್ಲಿ ಸಂದೇಶ ಹರಿಯುವುದು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಜೀವಕೋಶದ ಪೊರೆಯಲ್ಲಿರುವ ಕಾಲುವೆಗಳ ಮೂಲಕ ಒಳಗೂ ಹೊರಗೂ ಓಡಾಡುವುದರಿಂದ. ಸೋಡಿಯಂ ಕಾಲುವೆ ಕೆರೆಯ ತೂಬಿನ ಹಾಗೆ: ಎತ್ತಿದರೆ ನೀರು ಹರಿಯಬೇಕು, ಕೂಡಲೇ ಇಳಿಸಿದರೆ ನಿಲ್ಲಬೇಕು. ಚೇಳಿನ ಮುಖ್ಯ ವಿಷ ತೂಬನ್ನು ಒಡೆಯುವುದಿಲ್ಲ, ಎತ್ತಿದ ತೂಬು ಇಳಿಯದಂತೆ ಅಡ್ಡ ನಿಲ್ಲುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಮುಗಿಯಬೇಕಾದ ಸಂದೇಶ ಮುಗಿಯದೆ ಹರಿಯುತ್ತಲೇ ಇರುತ್ತದೆ. ಇನ್ನು ಕೆಲವು ಪೆಪ್ಟೈಡ್‌ಗಳು ಪೊಟ್ಯಾಸಿಯಂ ಕಾಲುವೆಯನ್ನೇ ಮುಚ್ಚುತ್ತವೆ. ಪರಿಣಾಮ ಅದೇ, ನರಕ್ಕೆ ವಿಶ್ರಾಂತಿ ಇಲ್ಲ.

ಈ ಮುಚ್ಚುವ ಕೆಲಸದಲ್ಲಿ ನಮ್ಮ ಕೆಂಪು ಚೇಳು ಎಷ್ಟು ಕರಾರುವಾಕ್ಕೆಂದರೆ, 1990ರಲ್ಲಿ ಅದರ ವಿಷದಿಂದ ಬೇರ್ಪಡಿಸಿದ ಐಬೀರಿಯೋಟಾಕ್ಸಿನ್ ಎಂಬ 37 ಅಮೈನೋ ಆಮ್ಲಗಳ ಪೆಪ್ಟೈಡ್ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳ ಅಗತ್ಯ ಸಾಮಗ್ರಿ. ಒಂದೇ ಒಂದು ಬಗೆಯ ಪೊಟ್ಯಾಸಿಯಂ ಕಾಲುವೆಯನ್ನು ಹುಡುಕಿ ಮುಚ್ಚಬೇಕಾದಾಗ ಸಂಶೋಧಕರು ಅದನ್ನೇ ಬಳಸುತ್ತಾರೆ. 2002ರಲ್ಲಿ ಇದೇ ಚೇಳಿನಿಂದ ಟಮಾಪಿನ್ ಎಂಬ ಇನ್ನೊಂದು ಸಿಕ್ಕಿತು, 31 ಅಮೈನೋ ಆಮ್ಲಗಳದು.

ಚೇಳು ವಿಷವನ್ನು ಜುಗ್ಗತನದಿಂದ ಖರ್ಚು ಮಾಡುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ದಕ್ಷಿಣ ಆಫ್ರಿಕಾದ ಪ್ಯಾರಾಬ್ಯೂತಸ್ ಎಂಬ ಚೇಳನ್ನು ಪರೀಕ್ಷಿಸಿದವರು 2003ರಲ್ಲಿ ತೋರಿಸಿದಂತೆ, ಕೊಂಡಿಯಿಂದ ಮೊದಲು ಬರುವ ಹನಿ ತಿಳಿನೀರಿನಂತಿದ್ದು ಅದರಲ್ಲಿ ಪೊಟ್ಯಾಸಿಯಂ ಲವಣ ತುಂಬಿರುತ್ತದೆ. ನೋವು ಕೊಟ್ಟು ಓಡಿಸಲು ಅಷ್ಟು ಸಾಕು. ಬೆಲೆಬಾಳುವ ಪೆಪ್ಟೈಡ್ ಇರುವ ಹಾಲಿನಂಥ ವಿಷ ಬರುವುದು ಆಮೇಲೆ. ವಿಷವನ್ನೇ ಬಿಡದ ಒಣ ಕಡಿತಗಳೂ ಇವೆ. ಒಂದೇ ಊರಿನಲ್ಲಿ ಒಂದೇ ಬಗೆಯ ಚೇಳು ಕಡಿದರೂ ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರು ಆಸ್ಪತ್ರೆ ಸೇರುವುದಕ್ಕೆ ಇದೂ ಒಂದು ಕಾರಣ. ದೇಹದ ತೂಕ ಇನ್ನೊಂದು. ಅಷ್ಟೇ ವಿಷ ಅರವತ್ತು ಕಿಲೋ ತೂಗುವವರ ಮೈಯಲ್ಲಿ ಹಂಚಿಹೋಗುವುದಕ್ಕೂ ಹತ್ತು ಕಿಲೋ ಕೂಸಿನ ಮೈಯಲ್ಲಿ ಸೇರುವುದಕ್ಕೂ ವ್ಯತ್ಯಾಸವಿದೆ.

ಇರಾನಿನಲ್ಲಿ ಹೆಮಿಸ್ಕಾರ್ಪಿಯಸ್ ಎಂಬ ಚೇಳು ಕಡಿದರೆ ಮಾಂಸ ಕೊಳೆಯುತ್ತದೆ, ರಕ್ತಕಣಗಳು ಒಡೆಯುತ್ತವೆ. ನಮ್ಮ ಕೆಂಪು ಚೇಳಿನದು ಹಾಗಲ್ಲ. ಕಡಿದ ಜಾಗದಲ್ಲಿ ದೊಡ್ಡ ಬಾವಿಲ್ಲ, ಗಾಯವಿಲ್ಲ; ಹುಡುಕಿದರೂ ಚುಚ್ಚಿದ ಗುರುತು ಕಾಣದೆ ಹೋಗಬಹುದು. ಕಡಿದ ಜಾಗವನ್ನೇ ನೋಡುತ್ತಾ ಕುಳಿತವರಿಗೆ ಇದರಿಂದಲೇ ಮೋಸವಾಗುವುದು.

ಮೈಯೊಳಗಿನ ಬಿರುಗಾಳಿ

ಕೆಂಪು ಚೇಳಿನ ವಿಷ ಮುಖ್ಯವಾಗಿ ಹಿಡಿಯುವುದು ಹೃದಯ, ರಕ್ತನಾಳ, ಬೆವರು, ಜೊಲ್ಲು ಇವನ್ನೆಲ್ಲ ನಮ್ಮ ಅರಿವಿಲ್ಲದೆ ನಡೆಸುವ ಸ್ವಯಂಚಾಲಿತ ನರಗಳನ್ನು. ಮೊದಲ ಹಂತದಲ್ಲಿ ವಾಂತಿ, ಧಾರಾಕಾರ ಬೆವರು, ಬಾಯಲ್ಲಿ ನೀರು, ನಿಧಾನವಾದ ನಾಡಿ. ಗಂಡುಮಕ್ಕಳಲ್ಲಿ ಶಿಶ್ನ ತಾನಾಗಿ ನಿಮಿರಿಕೊಳ್ಳುತ್ತದೆ. ಹೇಳಲು ಸಂಕೋಚಪಟ್ಟು ಮನೆಯವರು ಮುಚ್ಚಿಡುವ ಲಕ್ಷಣ ಇದು, ಆದರೆ ವೈದ್ಯರಿಗೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಇನ್ನೊಂದಿಲ್ಲ. ದಯವಿಟ್ಟು ಹೇಳಿ.

ಆಮೇಲೆ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳಗಳು ಬಿಗಿದುಕೊಂಡು ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ನಾಡಿ ಓಡುತ್ತದೆ. ಇನ್ಸುಲಿನ್ ಸ್ರವಿಸುವುದು ಕುಗ್ಗಿ ರಕ್ತದಲ್ಲಿ ಸಕ್ಕರೆಯೂ ಏರುತ್ತದೆ. ಬಿಗಿದ ನಾಳಗಳ ಎದುರು ಪಂಪು ಮಾಡಿ ಮಾಡಿ ಹೃದಯ ಸೋಲುತ್ತದೆ. ಹಿಂದೆ ನಿಂತ ರಕ್ತದಿಂದ ಶ್ವಾಸಕೋಶಕ್ಕೆ ನೀರು ಒಸರುತ್ತದೆ. ಕೆಮ್ಮು, ಏದುಸಿರು, ಮಲಗಿಸಿದರೆ ಉಸಿರು ಕಟ್ಟುವುದು, ಬಾಯಲ್ಲಿ ನಸುಗೆಂಪು ನೊರೆ. ಚೇಳಿನಿಂದ ಸಾಯುವವರು ಹೆಚ್ಚಾಗಿ ಹೀಗೆ ಸಾಯುತ್ತಾರೆ. ಮೊದಲ ಲಕ್ಷಣಗಳು ಸಾಮಾನ್ಯವಾಗಿ ನಾಲ್ಕಾರು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ; ಹೃದಯ, ಶ್ವಾಸಕೋಶದ ತೊಂದರೆ ಅದಾದ ಮೇಲೂ ಬರಬಹುದು. ಕಡಿಸಿಕೊಂಡ ಮಗುವನ್ನು 24 ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ಇದಕ್ಕಾಗಿ.

ಇದನ್ನು ಬಿಡಿಸಿ ನೋಡಿದವರು ದೊಡ್ಡ ಸಂಶೋಧನಾ ಕೇಂದ್ರದವರಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1970ರ ದಶಕದ ಕೊನೆಯಲ್ಲಿ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗ, ಕೆಂಪು ಚೇಳು ಕಡಿದ ಮಕ್ಕಳು ಕಣ್ಣೆದುರೇ ಸಾಯುವುದನ್ನು ಕಂಡರು. ಹಾಸಿಗೆಯ ಪಕ್ಕ ಕುಳಿತು ಗಂಟೆಗಂಟೆಗೂ ಬರೆದಿಟ್ಟರು. ಆ ಲಕ್ಷಣಗಳ ವಿವರ 1982ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಿಗಿದ ರಕ್ತನಾಳವನ್ನು ಸಡಿಲಿಸಿದರೆ ಹೃದಯ ಉಳಿಯುತ್ತದೆ ಎಂಬ ತರ್ಕ ಹಿಡಿದು ಅವರು ಪ್ರಾಜೋಸಿನ್ ಎಂಬ ಅಗ್ಗದ ರಕ್ತದೊತ್ತಡದ ಮಾತ್ರೆ ಬಳಸಿದರು. ಆ ವರದಿ 1986ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ತೀವ್ರವಾಗಿ ವಿಷವೇರಿದವರಲ್ಲಿ ನೂರಕ್ಕೆ ಮೂವತ್ತರಷ್ಟು ಜನ ಸಾಯುತ್ತಿದ್ದರು, ಆಮೇಲೆ ಅದು ಬೆರಳೆಣಿಕೆಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನ ಮಟ್ಟಿಗೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹುಟ್ಟಿ ಜಗತ್ತಿನ ಪಠ್ಯಪುಸ್ತಕ ಸೇರಿದ ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿಲ್ಲ.

ಚೇಳಿಗೇ ಪ್ರತ್ಯೇಕವಾದ ಪ್ರತಿವಿಷವೂ ಇದೆ. ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಕೆಂಪು ಚೇಳಿನ ವಿಷದಿಂದಲೇ ಅದನ್ನು ತಯಾರಿಸಿತು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಾವಸ್ಕರ್ ದಂಪತಿ ಪ್ರಕಟಿಸಿದ 70 ರೋಗಿಗಳ ಪರೀಕ್ಷೆಯಲ್ಲಿ, ಪ್ರಾಜೋಸಿನ್ ಜೊತೆಗೆ ಪ್ರತಿವಿಷವನ್ನೂ ಪಡೆದವರಲ್ಲಿ ಶೇ 91ರಷ್ಟು ಜನ 10 ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡರು; ಬರೀ ಪ್ರಾಜೋಸಿನ್ ಪಡೆದವರಲ್ಲಿ ಶೇ 23. ಹಾವಿನ ಪ್ರತಿವಿಷ ಮಾತ್ರ ಚೇಳಿಗೆ ನಡೆಯುವುದಿಲ್ಲ. ‘ಹಾವಿನ ಇಂಜೆಕ್ಷನ್ನಾದರೂ ಹಾಕಿ ಸಾರ್’ ಎಂದು ವೈದ್ಯರನ್ನು ಒತ್ತಾಯಿಸಬೇಡಿ.

ಪ್ರಾಜೋಸಿನ್ ಎಂಬ ಹೆಸರು ತಿಳಿಯಿತೆಂದು ಮೆಡಿಕಲ್ ಸ್ಟೋರಿನಿಂದ ತಂದು ಮನೆಯಲ್ಲೇ ನುಂಗಿಸುವುದೂ ತಪ್ಪು. ನುಂಗಿ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಬೀಳಬಹುದು. ತೂಕ ನೋಡಿ, ಮಲಗಿಸಿ ಕೊಟ್ಟು, ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ ಮತ್ತೆ ಕೊಡುವ ಔಷಧ ಅದು. ಬೈಕಿನಲ್ಲಿ ಬಂದು ಹೋಗುವ ಡಾಕ್ಟರು ಹಾಕುವ ಅಲರ್ಜಿ ಸೂಜಿ, ಸ್ಟೀರಾಯ್ಡ್ ಸೂಜಿಗಳು ಚೇಳಿನ ವಿಷವನ್ನು ಏನೂ ಮಾಡವು. ಅಮೂಲ್ಯ ಸಮಯ ಮಾತ್ರ ಹೋಗುತ್ತದೆ.

ಕಡಿದ ಕೂಡಲೇ

ಗಡಿಯಾರ ನೋಡಿ ಸಮಯ ಗುರುತಿಟ್ಟುಕೊಳ್ಳಿ. ಕಡಿಸಿಕೊಂಡವರನ್ನು ಓಡಾಡಲು ಬಿಡದೆ ಮಲಗಿಸಿ. ಉಂಗುರ, ಕಾಲುಂಗುರ ತೆಗೆಯಿರಿ. ಜಾಗವನ್ನು ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ; ಹತ್ತು ನಿಮಿಷ ಇಟ್ಟು ಸ್ವಲ್ಪ ಬಿಡುವು ಕೊಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ಹಗ್ಗ ಬಿಗಿಯಬೇಡಿ, ಬ್ಲೇಡಿನಲ್ಲಿ ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಸುಡಬೇಡಿ. ನೋವು ಮರೆಯಲೆಂದು ಒಂದು ಕ್ವಾರ್ಟರ್ ಕುಡಿಸುವ ರೂಢಿಯೂ ಇದೆ. ಕೋತಿಗೆ ಹೆಂಡ ಕುಡಿಸಿ ಚೇಳು ಕಡಿಸಿದರೆ ಏನಾಗುತ್ತದೆಂದು ಗಾದೆ ಕಟ್ಟಿದ ಜನ ನಾವೇ, ಚೇಳು ಕಡಿದವರಿಗೆ ಹೆಂಡ ಕುಡಿಸುವವರೂ ನಾವೇ.

ಚೇಳನ್ನು ಹುಡುಕಿ ಹಿಡಿದು ಡಬ್ಬಿಗೆ ಹಾಕುವ ಸಾಹಸ ಬೇಡ. ಸತ್ತು ಬಿದ್ದಿದ್ದರೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಅಷ್ಟೇ.

ಮಕ್ಕಳಾದರೆ ಲಕ್ಷಣಕ್ಕೆ ಕಾಯದೆ ಹೊರಡಿ. ವಯಸ್ಸಾದವರು, ಬಸುರಿಯರು, ಹೃದಯದ ಕಾಯಿಲೆ ಇರುವವರಿಗೂ ಇದೇ ಮಾತು. ಗಟ್ಟಿಮುಟ್ಟಾದ ದೊಡ್ಡವರಿಗೆ ಬರೀ ಉರಿ ಇದ್ದರೆ ಸ್ಥಳೀಯ ಅರಿವಳಿಕೆಯ ಒಂದು ಸೂಜಿಯಿಂದ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆರಾಮವಾಗಬಹುದು. ಆದರೆ ಅವರನ್ನೂ ಆಗಾಗ ಮುಟ್ಟಿ ನೋಡುತ್ತಿರಿ. ಹಣೆ ಒದ್ದೆಯಾಯಿತೇ, ಅಂಗಾಲು ತಣ್ಣಗಾಯಿತೇ, ವಾಂತಿ ಬಂತೇ, ಉಸಿರು ಜೋರಾಯಿತೇ? ಒಂದು ಕಂಡರೂ 108ಕ್ಕೆ ಕರೆ ಮಾಡಿ, ‘ಚೇಳು ಕಡಿದಿದೆ, ಬೆವರುತ್ತಿದ್ದಾರೆ’ ಎಂದು ಮೊದಲ ವಾಕ್ಯದಲ್ಲೇ ಹೇಳಿ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಏದುಸಿರು ಶುರುವಾದ ರೋಗಿಗೆ ಆಮ್ಲಜನಕ, ತೀವ್ರ ನಿಗಾ ಘಟಕ ಬೇಕಾಗುತ್ತದೆ, ತುಮಕೂರಿಗೆ ಕಳಿಸುತ್ತೇವೆಂದರೆ ವಾದಿಸುತ್ತಾ ನಿಲ್ಲಬೇಡಿ. ವಾಂತಿ ಮಾಡುವ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ. ಏದುಸಿರು ಬಿಡುವವರನ್ನು ಒರಗಿಸಿ ಕೂರಿಸಿ.

ಹುಣಸೆ ಬೀಜವನ್ನು ಕಲ್ಲಿಗೆ ತೇಯ್ದು ಅಂಟಿಸುವುದು, ಉತ್ತರಾಣಿ ಬೇರು ಅರೆದು ಹಚ್ಚುವುದು, ಸುಣ್ಣ, ಈರುಳ್ಳಿ: ಇವೆಲ್ಲ ಮನೆಮನೆಯ ಮದ್ದು. ಬೀಜ ಅಂಟಿಕೊಂಡು ಆಮೇಲೆ ತಾನಾಗಿ ಬೀಳುತ್ತದೆ, ವಿಷ ಹೀರಿ ಬಿತ್ತೆನ್ನುತ್ತಾರೆ. ತೇಯ್ದ ಬೀಜ ಒದ್ದೆ ಚರ್ಮಕ್ಕೆ ಅಂಟುತ್ತದೆ, ಒಣಗಿದರೆ ಉದುರುತ್ತದೆ. ಅಷ್ಟರಲ್ಲಿ ವಿಷ ರಕ್ತ ಸೇರಿ ಎಷ್ಟೋ ಹೊತ್ತಾಗಿರುತ್ತದೆ. ಇವುಗಳಿಂದ ವಾಸಿಯಾದವರು ನೂರಾರು ಜನ ಸಿಗುತ್ತಾರೆ ಎಂಬುದೂ ಸುಳ್ಳಲ್ಲ. ಕರಿಚೇಳಿನ ಕಡಿತ, ಒಣ ಕಡಿತ, ದೊಡ್ಡವರಿಗಾದ ಸಾಧಾರಣ ಕಡಿತ ಏನೂ ಮಾಡದಿದ್ದರೂ ಒಂದು ದಿನದೊಳಗೆ ತಣ್ಣಗಾಗುತ್ತವೆ. ಮಂತ್ರಕ್ಕೆ ಅರ್ಧ ಕೀರ್ತಿ ಇದರಿಂದ, ಇನ್ನರ್ಧ ಜೊತೆಗೆ ಕುಳಿತ ಮನುಷ್ಯನ ಧೈರ್ಯದ ಮಾತಿನಿಂದ. ಗಾಬರಿ ಇಳಿದರೆ ನೋವು ಸ್ವಲ್ಪ ಇಳಿಯುತ್ತದೆ, ನಿಜ. ಮಂತ್ರ ಹಾಕಿಸಲೇಬೇಕೆಂದಿದ್ದರೆ ಆಸ್ಪತ್ರೆಗೆ ಹೋಗುವ ಗಾಡಿಯಲ್ಲೇ ಹಾಕಲಿ, ಯಾರ ತಕರಾರೂ ಇಲ್ಲ.

ಭಯ ಇದ್ದಲ್ಲಿ ದೇವರೂ ಇರುತ್ತಾರೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ; ಕಾಣಿಕೆ ಹಾಕಿ ಕೈಮುಗಿದರೆ ಚೇಳು ಕಡಿಯುವುದಿಲ್ಲವೆಂಬ ನಂಬಿಕೆ ಹಳೆಯದು. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯಂದು ಜನ ಕೊಂಡಮಾಯಿಯ ಬೆಟ್ಟ ಹತ್ತಿ, ಕಲ್ಲೆತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಚೇಳಿನ ಬಾಲದ ತುದಿಯನ್ನು ಎರಡು ಬೆರಳಲ್ಲಿ ಹಿಡಿದರೆ ಅದು ಕುಟುಕಲಾರದು. ಕೆಣಕದಿದ್ದರೆ ಸುಮ್ಮನೆ ನಡೆದು ಹೋಗುವುದೂ ಅದರ ಗುಣವೇ. ಹಬ್ಬದ ವಿಡಿಯೊ ನೋಡಿ ಮನೆಯ ಮಕ್ಕಳು ಅನುಕರಿಸದಂತೆ ನೋಡಿಕೊಂಡರೆ ಸಾಕು.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಇನ್ನೊಂದು ಮಾತು ಚೇಳಿನ ವಿಷ ಲೀಟರಿಗೆ ಕೋಟಿಗಟ್ಟಲೆ ಎಂಬುದು. ಒಂದು ಚೇಳು ಒಂದು ಸಲಕ್ಕೆ ಕೊಡುವುದು ಸಾಸಿವೆ ಕಾಳಿನಷ್ಟೂ ಇಲ್ಲ. ಲೀಟರ್ ತುಂಬಲು ಲಕ್ಷಗಟ್ಟಲೆ ಚೇಳು ಬೇಕು. ಸಂಶೋಧನೆಯಲ್ಲಿ ಅದಕ್ಕೆ ಬೆಲೆ ಇರುವುದು ನಿಜ. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾಗಳ ಒಂದು ಚೇಳಿನ ವಿಷದಲ್ಲಿ ಸಿಕ್ಕ ಕ್ಲೋರೋಟಾಕ್ಸಿನ್ ಮಿದುಳಿನ ಗಡ್ಡೆಯ ಕೋಶಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಳೆಯುವ ಬಣ್ಣ ಸೇರಿಸಿ, ಶಸ್ತ್ರಚಿಕಿತ್ಸೆಯ ವೇಳೆ ಗಡ್ಡೆಯ ಅಂಚು ಕಾಣುವಂತೆ ಮಾಡುವ ಪ್ರಯೋಗ ರೋಗಿಗಳ ಮೇಲೂ ನಡೆದಿದೆ. ಅಂಥ ಪೆಪ್ಟೈಡ್‌ಗಳನ್ನು ಈಗ ಪ್ರಯೋಗಾಲಯದಲ್ಲೇ ತಯಾರಿಸಬಹುದು. ಬದುವಿನ ಚೇಳು ಹಿಡಿದಿಟ್ಟುಕೊಂಡರೆ ಕೊಳ್ಳಲು ಯಾರೂ ಬರುವುದಿಲ್ಲ.

ಕಡಿಸಿಕೊಳ್ಳದೆ ಇರುವುದು ಹೇಗೆಂಬುದು ಹಳ್ಳಿಯವರಿಗೆ ಗೊತ್ತಿದೆ, ಮರೆವು ಅಷ್ಟೇ. ಸೌದೆ, ಬೆರಣಿ ಮನೆಯ ಗೋಡೆಗೆ ಒರಗಿಸದೆ ದೂರ ಪೇರಿಸಿ. ಬಿರುಕಿಗೆ ಸಿಮೆಂಟು ಮೆತ್ತಿ. ನೆಲದಲ್ಲಿ ಮಲಗುವವರು ಸೊಳ್ಳೆ ಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿ. ಮಂಚವಿದ್ದರೆ ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಗೂಟಕ್ಕೆ ನೇತುಹಾಕಿದ ಅಂಗಿ, ಮಕ್ಕಳ ಶಾಲೆಯ ಬೂಟು ಕೊಡವಿ ಹಾಕಿಕೊಳ್ಳಿ. ಕಡ್ಲೆಕಾಯಿ ಗುಡ್ಡೆಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಹಿತ್ತಿಲಲ್ಲಿ ಕೆದಕುತ್ತಾ ತಿರುಗುವ ನಾಟಿ ಕೋಳಿ ಸಿಕ್ಕ ಚೇಳನ್ನು ತಿಂದು ಹಾಕುತ್ತದೆ.

ಹೊಸದಾಗಿ ಕೈಗೆ ಸಿಗುವಂತಾಗಿರುವುದು ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು. ಚೇಳಿನ ಹೊರಚಿಪ್ಪಿನಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ಈ ಬೆಳಕು ಬಿದ್ದರೆ ಚೇಳು ಹಸಿರು–ನೀಲಿಯಾಗಿ ಹೊಳೆಯುತ್ತದೆ. ಸತ್ತ ಚೇಳೂ ಹೊಳೆಯುತ್ತದೆ. 365ರಿಂದ 395 ನ್ಯಾನೊಮೀಟರ್ ಎಂದು ಬರೆದಿರುವುದನ್ನು ಕೊಳ್ಳಿ, ಕಣ್ಣಿಗೆ ಬಿಡಬೇಡಿ. ಮಲಗುವ ಮುಂಚೆ ದೀಪ ಆರಿಸಿ ಜಂತೆ, ಗೋಡೆಯ ಮೂಲೆ, ಹಾಸಿಗೆಯ ಸುತ್ತ ಒಮ್ಮೆ ಆಡಿಸಿದರೆ ಎರಡು ನಿಮಿಷದ ಕೆಲಸ. ಕಂಡ ಚೇಳನ್ನು ಉದ್ದ ಇಕ್ಕಳದಲ್ಲಿ ಹಿಡಿದು ದೂರ ಬಿಡಿ. ಆದರೆ ಆಗಷ್ಟೇ ಪೊರೆ ಕಳಚಿದ ಚೇಳು ಈ ಬೆಳಕಿನಲ್ಲೂ ಕಾಣುವುದಿಲ್ಲ, ಹಾಗಾಗಿ ಟಾರ್ಚು ಇದೆಯೆಂದು ಬೂಟು ಕೊಡವುವುದನ್ನು ಬಿಡುವಂತಿಲ್ಲ.